ಕಪ್ಪೆ ಕೂಗುವ ಮುನ್ನ ಹೇಳಬೇಕಾದ ಕಥೆ

ಕಾಪು

ನಾನು ಅಮೆರಿಕಕ್ಕೆ ಹೋದದ್ದು ತಂಗಿಯ ಮೊಣಕಾಲಿನ ದೆಸೆಯಿಂದ. ಸುಮತಿಯ ಮೊಣಕಾಲು ಸವೆದುಹೋಗಿ ಅಲ್ಲಿಯ ವೈದ್ಯರು ಹೊಸದನ್ನು ಕೂರಿಸಿದ್ದರು. "ಅಕ್ಕ, ನೀನು ಬಂದರೆ ಬೈಯಲಿಕ್ಕೆ ಒಂದು ಜನ ಆಗ್ತದೆ. ಇವರಿಗೆ ಬೈದು ಬೈದು ನನಗೇ ಸಾಕಾಯ್ತು" ಎಂದು ಫೋನಿನಲ್ಲಿ ಕರೆದಳು. ಇವರು ಎಂದರೆ ಅವಳ ಗಂಡ ಸದಾನಂದ. ಬನ್ನಂಜೆಯವನು. ಮೀಸೆ ಮೂಡುವ ಮೊದಲೇ ಉಡುಪಿಯ ಹೋಟೆಲೊಂದರ ದೋಸೆ ಕಾವಲಿಯ ಮುಂದೆ ನಿಂತು, ಅಲ್ಲಿಂದ ಕುವೈತಿಗೆ, ಕುವೈತಿನಿಂದ ಕೆನಡಾಕ್ಕೆ ಹೋಗಿ, ಕೊನೆಗೆ ಗಡಿಯ ಈಚೆಗೆ ವರ್ಮಾಂಟ್ ಎಂಬ ರಾಜ್ಯದ ಸರೋವರದ ಊರೊಂದರಲ್ಲಿ ಸಣ್ಣ ಕ್ಯಾಂಟೀನು ಹಾಕಿಕೊಂಡವನು. ಎಲ್ಲಿಗೆ ಹೋದರೂ ಕಾವಲಿ ಅವನ ಬೆನ್ನು ಬಿಟ್ಟಿಲ್ಲ.

ಮಣಿಪಾಲದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ತಿದ್ದಿ ನಿವೃತ್ತಳಾದವಳು ನಾನು. ವಿಮಾನ ಹತ್ತಿದ್ದು ಅದೇ ಮೊದಲು. ಚಳಿಗೆಂದು ಮಣಿಪಾಲದ ಗೆಳತಿಯೊಬ್ಬಳು ದಪ್ಪ ಕೋಟು ಕೊಟ್ಟಳು. ಅವಳ ಮನೆಯಲ್ಲಿ ಬಾಡಿಗೆಗಿದ್ದ ಶಿಮ್ಲಾದ ವಿದ್ಯಾರ್ಥಿನಿ ಬಿಟ್ಟುಹೋದದ್ದು. ಅದನ್ನು ಹಾಕಿಕೊಂಡು ಕಾಪುವಿನ ನಮ್ಮ ಜಗಲಿಯಲ್ಲಿ ನಿಂತು ನೋಡಿದೆ. ಏಪ್ರಿಲ್ ತಿಂಗಳು. ಬೆವರಿನಲ್ಲಿ ಬೆಂದುಹೋದೆ. ಪಕ್ಕದ ಮನೆಯ ಖತೀಜಮ್ಮ ಬೇಲಿಯ ಆಚೆಯಿಂದ ನೋಡಿ ನಗಾಡಿದರು. ಅವರ ಮೂವರು ಗಂಡುಮಕ್ಕಳೂ ಗಲ್ಫಿನಲ್ಲಿ, ಆದ್ದರಿಂದ ವಿಮಾನದ ವಿಷಯದಲ್ಲಿ ನಮ್ಮ ಕೇರಿಗೆ ಅವರ ಮಾತೇ ಕೊನೆಯದು.

"ಬ್ಯಾಗಲ್ಲಿ ಎಂತ ಉಂಟು ಅಕ್ಕ?"

"ಉಪ್ಪಿನಕಾಯಿ, ಹಪ್ಪಳ. ಮತ್ತೆ ಮಟ್ಟುಗುಳ್ಳ, ಒಂದು ನಾಲ್ಕೈದು. ಸುಮತಿಗೆ ಗುಳ್ಳದ ಹುಳಿ ಅಂದ್ರೆ ಜೀವ."

"ಗುಳ್ಳ ಬೇಡ ಅಕ್ಕ. ಅಲ್ಲಿ ನಾಯಿ ಉಂಟಂತೆ."

ನಾಯಿಗೂ ಬದನೆಕಾಯಿಗೂ ಎಂತ ಸಂಬಂಧ ಎಂದು ನಾನು ಗುಳ್ಳಗಳನ್ನು ಒಂದು ಸೀರೆಯಲ್ಲಿ ಸುತ್ತಿ, ಸೀರೆಯನ್ನು ಕೋಟಿನಲ್ಲಿ ಸುತ್ತಿ ಒಳಗಿಟ್ಟೆ.

ಬಾಸ್ಟನ್ ವಿಮಾನ ನಿಲ್ದಾಣ

ನಾಯಿ ಇತ್ತು. ನೇತಾಡುವ ಕಿವಿಯ ಸಣ್ಣ ನಾಯಿ, ಬೆನ್ನಿಗೆ ಒಂದು ನೀಲಿ ಅಂಗಿ. ಸಾಲಿನಲ್ಲಿ ನಿಂತವರನ್ನೆಲ್ಲ ಮೂಸುತ್ತ ಬಂದು ನನ್ನ ಬ್ಯಾಗಿನ ಪಕ್ಕದಲ್ಲಿ ಕುಳಿತಿತು. ಬೊಗಳಲಿಲ್ಲ, ಕಚ್ಚಲಿಲ್ಲ. ಊಟಕ್ಕೆ ಎಲೆ ಹಾಕುತ್ತಾರೆಂದು ಕಾದು ಕುಳಿತ ನೆಂಟನ ಹಾಗೆ ಸುಮ್ಮನೆ ಕುಳಿತಿತು, ಅಷ್ಟೇ.

ಅಧಿಕಾರಿಣಿ ಬ್ಯಾಗು ಬಿಚ್ಚಿಸಿದಳು. ಕೋಟು ಬಂತು, ಸೀರೆ ಬಂತು, ಸೀರೆಯೊಳಗಿನಿಂದ ಹಸಿರು ಗುಳ್ಳಗಳು ಒಂದೊಂದಾಗಿ ಮೇಜಿನ ಮೇಲೆ ಉರುಳಿದವು. ಇದು ನಮ್ಮ ಊರಿನ ಹತ್ತಿರದ ಮಟ್ಟು ಎಂಬ ಒಂದೇ ಹಳ್ಳಿಯ ಮಣ್ಣಿನಲ್ಲಿ ಸರಿಯಾಗಿ ಬರುವಂಥದ್ದು, ಬೇರೆ ಕಡೆ ನೆಟ್ಟರೆ ಈ ರುಚಿ ಬಾರದು ಎಂದೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಬಳಿಕ ಕೈಗವಸು ಹಾಕಿ, ಒಂದು ಗುಳ್ಳವನ್ನು ಬೆಳಕಿಗೆ ಹಿಡಿದು, "ಚೆಂದ ಉಂಟು" ಎಂದು ಹೇಳಿ ಎಲ್ಲವನ್ನೂ ಕಸದ ಡಬ್ಬಿಗೆ ಹಾಕಿದಳು. ನಾನು ಕೇಳಿದ ಇಂಗ್ಲಿಷನ್ನು ಇಲ್ಲಿಂದ ಮುಂದೆ ನಮ್ಮ ಮಾತಿಗೆ ಹೊಂದಿಸಿಯೇ ಬರೆಯುತ್ತೇನೆ. ನನ್ನ ನೆನಪಿನಲ್ಲಿ ಅದು ಕೂತಿರುವುದೂ ಹಾಗೆಯೇ.

ಕಾರು ತಂದಿದ್ದ ಸದಾನಂದ ಈ ಸುದ್ದಿ ಕೇಳಿ ಸ್ಟಿಯರಿಂಗ್ ಹಿಡಿದೇ ನಕ್ಕ. "ನಾಯಿಗೆ ಒಂದು ಹುಳಿ ಮಾಡಿ ಬಡಿಸಿ ಬರ್ಲಿಕ್ಕೆ ಆಗ್ಲಿಲ್ವಾ ಅಕ್ಕ?"

ಸರೋವರದ ಊರು

ಹಿಮ ಕರಗಿ ಹೋಗಿತ್ತು, ಹಸಿರು ಇನ್ನೂ ಬಂದಿರಲಿಲ್ಲ. ಎಲ್ಲಿ ನೋಡಿದರೂ ಕೆಸರು. ಅಲ್ಲಿಯವರು ಈ ಕಾಲವನ್ನೇ ಕೆಸರಿನ ಕಾಲ ಎನ್ನುತ್ತಾರೆ. ನಮ್ಮ ಆಟಿ ತಿಂಗಳ ಜಡಿಮಳೆಯನ್ನು ಕಂಡವಳಿಗೆ ಇದೇನು ಮಹಾ ಎನಿಸಿತಾದರೂ, ಕೆಸರಿದ್ದೂ ಸೆಕೆ ಇಲ್ಲದಿರುವುದು ಹೇಗೆಂದು ಮೈಗೆ ಅರ್ಥವಾಗಲು ದಿನ ಹಿಡಿಯಿತು. ಸಂಜೆಯಾದರೆ ಜೌಗಿನ ಕಡೆಯಿಂದ ಕಪ್ಪೆಗಳ ಕೂಗು. ನಮ್ಮ ಕಪ್ಪೆಗಳ ಹಾಗೆ ಗಂಟಲು ಕೆರೆಯುವ ಸ್ವರವಲ್ಲ, ಸಾವಿರ ಸಣ್ಣ ಗಂಟೆಗಳನ್ನು ಒಟ್ಟಿಗೆ ಅಲ್ಲಾಡಿಸಿದ ಹಾಗೆ. ಕಪ್ಪೆ ಬೆರಳ ಉಗುರಿನಷ್ಟು ಚಿಕ್ಕದಂತೆ, ಕೂಗು ಮೈಲಿ ದೂರಕ್ಕೆ ಕೇಳುತ್ತದಂತೆ.

ಸುಮತಿಗೆ ವ್ಯಾಯಾಮ ಮಾಡಿಸಿ, ಬೈಸಿಕೊಂಡು, ಉಳಿದ ಹೊತ್ತಿನಲ್ಲಿ ನಾನು ಕ್ಯಾಂಟೀನಿನಲ್ಲಿ ಕೂರುತ್ತಿದ್ದೆ. ಅಲ್ಲಿ ಡೆನಿಸನ ಪರಿಚಯವಾಯಿತು. ನಲವತ್ತು ದಾಟಿದ ದೊಡ್ಡ ಆಳು, ಹಾಲಿನ ಟ್ಯಾಂಕರ್ ಓಡಿಸುವವನು. ದನಗಳ ಫಾರ್ಮುಗಳಿಂದ ಹಾಲು ತುಂಬಿಸಿಕೊಂಡು ಡೈರಿಗೆ ಸುರಿದು, ಮಧ್ಯಾಹ್ನಕ್ಕೆ ದೋಸೆ ತಿನ್ನಲು ಬರುತ್ತಿದ್ದ. ಬಂದವನು ಜೇಬಿನಿಂದ ಒಂದು ಪುಟ್ಟ ಬಾಟಲಿ ತೆಗೆದು, ಮಸಾಲೆದೋಸೆಯ ಮೇಲೆ ಮೇಪಲ್ ಮರದ ಸಿಹಿ ರಸ ಸುರಿದುಕೊಂಡ. ಮಸಾಲೆದೋಸೆಗೆ ಸಿಹಿ! ಒಳಗೆ ಹೋಗಿ ಸದಾನಂದನಿಗೆ ದೂರು ಕೊಟ್ಟೆ.

"ನಾವು ನೀರುದೋಸೆಗೆ ಕಾಯಿಬೆಲ್ಲ ಹಾಕಿ ತಿನ್ನುದಿಲ್ವಾ ಅಕ್ಕ? ಅದು ಅವರ ಬೆಲ್ಲ. ನೀವು ಸುಮ್ನಿರಿ ಮಾರಾಯ್ರೆ, ದಿನಾ ಬರುವ ಗಿರಾಕಿ."

ಡೆನಿಸನಿಗೆ ಈ ವಿಚಾರಣೆ ಗೊತ್ತಾಗಿ, ಮರುದಿನ ಬಾಟಲಿಯನ್ನು ನನ್ನ ಮುಂದೆ ಹಿಡಿದ. ನಾಲಗೆಗೆ ಮುಟ್ಟಿಸಿ ನೋಡಿದೆ. ತಾಳೆಬೆಲ್ಲ ಕರಗಿಸಿದ ಹಾಗೆಯೇ, ಹಿಂದಿನಿಂದ ಸ್ವಲ್ಪ ಹೊಗೆ. ಆ ಮೇಲೆ ಮಾತು ಸಲೀಸಾಯಿತು. ಅವನ ತಾಯಿಯ ಕಡೆಯವರು ಅಬೆನಾಕಿಗಳು. ಆ ಸರೋವರದ ಸುತ್ತಲಿನ ನೆಲದಲ್ಲಿ ಬಿಳಿಯರು ಬರುವ ಮೊದಲಿನಿಂದ ಇದ್ದ ಜನ. ತಾಯಿಯ ಅಕ್ಕ, ಅಂದರೆ ನಮ್ಮ ಲೆಕ್ಕದಲ್ಲಿ ಅವನ ದೊಡ್ಡಮ್ಮ, ಆಗ್ನೆಸ್ ಎಂದು ಹೆಸರು. ಶುಕ್ರವಾರ ಸಂಜೆ ಊರಿನ ಗ್ರಂಥಾಲಯದಲ್ಲಿ ತಮ್ಮ ಜನರ ಬಗ್ಗೆ ಮಾತಾಡುತ್ತಾರೆ, ಬನ್ನಿ ಎಂದ.

ಆಗ್ನೆಸ್! ಡೆನಿಸ್! ಕಾರ್ಕಳದ ನನ್ನ ತವರಿನ ಹತ್ತಿರ ಇಗರ್ಜಿಯ ಗಂಟೆ ಹೊಡೆದರೆ ಈ ಹೆಸರಿನವರು ಹತ್ತು ಜನ ಮೆಟ್ಟಿಲು ಹತ್ತುತ್ತಾರೆ. ಹಾಗೆಂದು ಹೇಳಿದೆ. ನಮ್ಮಲ್ಲಿ ಪೋರ್ಚುಗೀಸ್ ಪಾದ್ರಿಗಳು ಕೊಟ್ಟ ಹೆಸರು, ಅವರಲ್ಲಿ ಫ್ರೆಂಚ್ ಪಾದ್ರಿಗಳು ಕೊಟ್ಟ ಹೆಸರು. ಡೆನಿಸ್ ನಕ್ಕ, ನಗು ಅರ್ಧಕ್ಕೇ ನಿಂತಿತು.

"ದೊಡ್ಡಮ್ಮನ ಗಂಟಲಲ್ಲಿ ಗಡ್ಡೆ ಉಂಟು. ಮುಂದಿನ ವಾರದ ಕೊನೆಗೆ ಆಪರೇಶನ್. ಜೀವಕ್ಕೆ ಭಯ ಇಲ್ಲ ಅಂತಾರೆ, ಸ್ವರ ಉಳಿಯುವ ಖಾತ್ರಿ ಕೊಡುವುದಿಲ್ಲ." ಅವನು ದೋಸೆಯ ತುಂಡನ್ನು ರಸದಲ್ಲಿ ಅದ್ದಿ ಅದ್ದಿ ತಿನ್ನದೆ ಇಟ್ಟ. "ಅವರ ಅಜ್ಜಿಯಿಂದ ಬಂದ ಒಂದು ಉದ್ದ ಕಥೆ ಉಂಟು. ನಮ್ಮ ಕುಟುಂಬದಲ್ಲಿ ಈಗ ಅದು ಇರುವುದು ಅವರೊಬ್ಬರ ಬಾಯಲ್ಲಿ. ನನಗೆ ಬರುವುದು ಅರ್ಧ. ಪ್ರತಿ ಚಳಿಗಾಲದಲ್ಲೂ ಟ್ಯಾಂಕರ್ ಓಡಿಸ್ತಾ, ಬರುವ ವರ್ಷ ಕೂತು ಕೇಳುವ ಅಂತ ಬಿಟ್ಟೆ."

"ಈಗ ಕೇಳು. ಇನ್ನೂ ಒಂದು ವಾರ ಉಂಟಲ್ಲ" ಎಂದೆ.

ಅವನು ತಲೆಯಾಡಿಸಿದ. "ಈಗ ಹೇಳುವುದಿಲ್ಲ ಅವರು."

ಯಾಕೆಂದು ಕೇಳುವಷ್ಟರಲ್ಲಿ ಟ್ಯಾಂಕರಿನ ಹೊತ್ತಾಯಿತೆಂದು ಎದ್ದುಬಿಟ್ಟ.

ಗ್ರಂಥಾಲಯದ ನೆಲಮಾಳಿಗೆ

ಇಪ್ಪತ್ತೈದು ಮಡಚುವ ಕುರ್ಚಿ, ಒಂದು ಕಾಫಿ ಪಾತ್ರೆ, ಯಾರೋ ಮನೆಯಲ್ಲಿ ಮಾಡಿ ತಂದ ಬಿಸ್ಕತ್ತು. ಸ್ವಾಗತ ಭಾಷಣವಿಲ್ಲ, ಹಾರವಿಲ್ಲ, ದೀಪ ಹಚ್ಚಲು ಗಣ್ಯರ ಸಾಲಿಲ್ಲ. ಉಡುಪಿಯಲ್ಲಾದರೆ ಅಧ್ಯಕ್ಷರು ಬರುವವರೆಗೆ ಕಾಯುವ ಹೊತ್ತಿನಲ್ಲಿ ಇಲ್ಲಿ ಅರ್ಧ ಮಾತು ಮುಗಿದಿತ್ತು.

ಆಗ್ನೆಸ್ ಕುಳಿತೇ ಮಾತಾಡಿದರು. ಎಪ್ಪತ್ತು ದಾಟಿದ ಸಪೂರ ಜೀವ, ಕುತ್ತಿಗೆಗೆ ಕೆಂಪು ಉಣ್ಣೆಯ ಶಾಲು. ಸ್ವರ ಆಗಲೇ ಒಡೆದಿತ್ತು. ನಡುನಡುವೆ ಬಿಸಿನೀರು ಕುಡಿಯುತ್ತಿದ್ದರು. ಅವರ ಅಜ್ಜಿ ಬೇಸಿಗೆ ಬಂತೆಂದರೆ ಕೆನಡಾ ಕಡೆಯ ತಮ್ಮ ಹಳ್ಳಿಯಿಂದ ಬುಟ್ಟಿಗಳ ಹೊರೆ ಹೊತ್ತು ಈ ಸರೋವರದ ದಡದ ಹೋಟೆಲುಗಳಿಗೆ ಬರುತ್ತಿದ್ದರಂತೆ. ಕೊನೆಗೆ ಇಲ್ಲೇ ಉಳಿದರು. ಬುಟ್ಟಿ ಮಾರುವಾಗ ಅಬೆನಾಕಿ ಎಂದರೆ ಬೆಲೆ ಹೆಚ್ಚು, ಮನೆ ಬಾಡಿಗೆಗೆ ಕೇಳುವಾಗ ಅಬೆನಾಕಿ ಎಂದರೆ ಮನೆ ಇಲ್ಲ. ಹಾಗಾಗಿ ಹಗಲು ಫ್ರೆಂಚರೆಂದು ಹೇಳಿಕೊಂಡು, ಅಡುಗೆಮನೆಯ ಬಾಗಿಲು ಹಾಕಿಕೊಂಡು ತಮ್ಮ ಮಾತಾಡಿದರು.

"ನನ್ನ ತಾಯಿಗೆ ಭಾಷೆ ಅರ್ಥವಾಗುತ್ತಿತ್ತು, ಮಾತಾಡಲು ಹೆದರುತ್ತಿದ್ದಳು. ನನಗೆ ಅಜ್ಜಿ ಕಲಿಸಿದಳು, ಯಾಕೆಂದರೆ ನಾನು ಅಡುಗೆಮನೆ ಬಿಟ್ಟು ಹೊರಗೆ ಹೋಗದ ರೋಗಿಷ್ಠ ಮಗು. ಕಾಯಿಲೆಯಿಂದ ಲಾಭವಾದದ್ದು ನನಗೊಬ್ಬಳಿಗೇ."

ಎಲ್ಲರೂ ನಕ್ಕರು. ಅವರು ಒಂದು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿದರು. ಮರದ ದಿಮ್ಮಿಯನ್ನು ಕೊಡಲಿಯ ಹಿಂಬದಿಯಿಂದ ಬಡಿದು ಬಡಿದು, ಒಂದೊಂದು ವರ್ಷದ ಬೆಳವಣಿಗೆಯನ್ನು ಒಂದೊಂದು ಪಟ್ಟಿಯಾಗಿ ಸುಲಿದು ಹೆಣೆದದ್ದು. ಅಂಚಿಗೆ ಪರಿಮಳದ ಹುಲ್ಲು. ಮೂಗಿನ ಹತ್ತಿರ ಹಿಡಿದೆ. ನಮ್ಮ ಲಾವಂಚಕ್ಕೆ ದೂರದ ಸಂಬಂಧಿ. ಆ ಮರಗಳನ್ನು ಈಗ ಹಸಿರು ಬಣ್ಣದ ಒಂದು ಹುಳ ಕೊರೆದು ಮುಗಿಸುತ್ತಿದೆ ಎಂದರು. ಬುಟ್ಟಿ ನನ್ನ ತೊಡೆಯ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ಉಳಿಯಿತು. ಕಾರ್ಕಳದ ನಮ್ಮ ಮನೆಗೆ ವರ್ಷಕ್ಕೊಮ್ಮೆ ಕೊರಗರ ತನಿಯಕ್ಕ ಕಾಡುಬಳ್ಳಿಯ ಬೀಳಿನ ಬುಟ್ಟಿ ತರುತ್ತಿದ್ದಳು. ಆ ನೆಲಕ್ಕೆ ನಮಗಿಂತ ಹಳಬರು ಅವರು. ಬುಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡುವವರನ್ನು ಕಂಡಿದ್ದೇನೆ. ಹೆಣೆದವಳಿಗೆ ಕುರ್ಚಿ ಕೊಟ್ಟು, ಬಿಸಿನೀರು ಕೊಟ್ಟು, ನಿನ್ನ ಅಜ್ಜಿಯ ವಿಷಯ ಹೇಳು ಎಂದು ಇಪ್ಪತ್ತೈದು ಜನ ಎದುರು ಕೂತದ್ದನ್ನು ನಮ್ಮೂರಲ್ಲಿ ಕಂಡಿಲ್ಲ.

ಮಾತು ಮುಗಿದ ಮೇಲೆ ಗ್ರಂಥಪಾಲಕಿ ಎದ್ದು ನಿಂತಳು. ಸಂಕೋಚದಿಂದಲೇ ಕೇಳಿದಳು. "ಆಗ್ನೆಸ್, ನಿಮ್ಮ ಅಜ್ಜಿಯ ಆ ಉದ್ದದ ಕಥೆಯನ್ನು ಇವತ್ತು ಹೇಳುವಿರಾ? ನೀವು ಒಪ್ಪಿದರೆ ಧ್ವನಿಮುದ್ರಣ ಮಾಡಿಕೊಳ್ಳುತ್ತೇವೆ. ಮುಂದಿನ ವಾರದ ವಿಷಯ ಎಲ್ಲರಿಗೂ ಗೊತ್ತಲ್ಲ."

ಆಗ್ನೆಸ್ ಕಿಟಕಿಯ ಕಡೆ ಬೆರಳು ತೋರಿಸಿದರು. ನೆಲಮಾಳಿಗೆಯ ಆ ಪುಟ್ಟ ಕಿಟಕಿಯಿಂದ ಕಪ್ಪೆಗಳ ಗಂಟೆ ಕೇಳುತ್ತಿತ್ತು.

"ಅವು ಎದ್ದಿವೆ. ಅದು ಚಳಿಗಾಲದ ಕಥೆ. ನೆಲದ ಮೇಲೆ ಹಿಮ ಇರುವಾಗ, ಮಣ್ಣಿನೊಳಗಿನವರೆಲ್ಲ ಮಲಗಿರುವಾಗ ಹೇಳುವಂಥದ್ದು. ಎದ್ದವರ ಕಿವಿಗೆ ಬಿದ್ದರೆ ಅವರು ತಮ್ಮ ಕೆಲಸ ಬಿಟ್ಟು ಕೇಳುತ್ತ ಕೂರುತ್ತಾರೆ. ಕಪ್ಪೆ ಕೂಗುವುದಿಲ್ಲ, ಕರಡಿ ಮರಿ ಸಾಕುವುದಿಲ್ಲ, ನಾವು ಬಿತ್ತುವುದಿಲ್ಲ."

ಪತ್ತನಾಜೆ! ಬೇಸಿಗೆಯ ಕೊನೆಗೆ ಬರುವ ಆ ದಿನ ಕಳೆಯಿತೆಂದರೆ ನಮ್ಮಲ್ಲಿ ಭೂತಗಳಿಗೆ, ಅಂದರೆ ನಮ್ಮ ದೈವಗಳಿಗೆ, ನೇಮದ ಕುಣಿತವಿಲ್ಲ. ಕಟ್ಟಿದ ಗೆಜ್ಜೆ ಬಿಚ್ಚಿ ಒಳಗಿಡುತ್ತಾರೆ. ಮಳೆ ಸುರಿದು, ಕಪ್ಪೆ ಕೂಗಿ, ಗದ್ದೆಯ ಕೆಲಸವೆಲ್ಲ ತೀರಿ, ದೀಪಾವಳಿ ಬಂದ ಮೇಲೆಯೇ ಮತ್ತೆ ಗೆಜ್ಜೆಯ ಸದ್ದು. ನನ್ನ ದೊಡ್ಡಮ್ಮ ಮಳೆಗಾಲದಲ್ಲಿ ಭೂತದ ಪಾಡ್ದನದ ಒಂದು ಸಾಲು ಗುನುಗಿದರೂ ನಾಲಗೆ ಕಚ್ಚಿಕೊಳ್ಳುತ್ತಿದ್ದಳು.

"ಡೆನಿಸನ ಹತ್ತಿರ ಅರ್ಧ ಇದೆ. ಉಳಿದ ಅರ್ಧ ಹಿಮ ಬೀಳುವವರೆಗೆ ಕಾಯಲಿ" ಎಂದರು ಆಗ್ನೆಸ್.

ಹಿಂದಿನ ಸಾಲಿನಲ್ಲಿದ್ದ ಡೆನಿಸ್ ಎದ್ದು ನಿಂತ. "ಆಗ ನಿಮಗೆ ಸ್ವರ ಇಲ್ಲದಿದ್ದರೆ? ಅರ್ಧ ಕಥೆ ಇಟ್ಟುಕೊಂಡು ನಾನು ಎಂತ ಮಾಡಲಿ?"

"ಇಲ್ಲದಿದ್ದರೆ ಅರ್ಧವೇ ಉಳಿಯಲಿ. ನಿಯಮ ಮುರಿದು ಕೊಟ್ಟರೆ ನೀನು ಕಲಿಯುವುದು ಕಥೆಯನ್ನಲ್ಲ, ಮುರಿಯುವುದನ್ನು."

ಇಬ್ಬರ ಮಾತೂ ಸರಿ ಎನ್ನಿಸುವ ಜಗಳದಲ್ಲಿ ನೋಡುವವರಿಗೆ ಕೂರುವುದೇ ಕಷ್ಟ. ಆಗ ನಾನು ಎದ್ದು ನಿಂತೆ. ಯಾಕೆ ಎದ್ದೆನೆಂದು ಈಗಲೂ ಗೊತ್ತಿಲ್ಲ.

"ಹಿಮ ಉಂಟಲ್ಲ! ನಾನೇ ನೋಡಿದ್ದೇನೆ. ನಿನ್ನೆ! ಫೋಟೋ ಉಂಟು."

ಸಂಗತಿ ಏನೆಂದರೆ, ಹಿಮ ನೋಡದೆ ಊರಿಗೆ ಹೋಗುವುದು ಹೇಗೆಂದು ನಾನು ಗೊಣಗುವುದನ್ನು ಕೇಳಲಾರದೆ ಹಿಂದಿನ ದಿನ ಸದಾನಂದ ನನ್ನನ್ನು ಊರಿನ ಸ್ಕೇಟಿಂಗ್ ಅಂಗಣದ ಹಿಂಬದಿಗೆ ಕರೆದುಕೊಂಡು ಹೋಗಿದ್ದ. ಒಳಗೆ ಐಸಿನ ಮೇಲೆ ಜನ ಜಾರಾಡುತ್ತಾರೆ. ಗೀರು ಬಿದ್ದ ಐಸನ್ನು ಒಂದು ಯಂತ್ರ ಕೆರೆದು, ಆ ಪುಡಿಯನ್ನು ಹೊರಗೆ ತಂದು ಸುರಿಯುತ್ತದೆ. ಚಳಿಗಾಲವಿಡೀ ಸುರಿದದ್ದು ಕಟ್ಟಡದ ನೆರಳಿನಲ್ಲಿ ಗುಡ್ಡವಾಗಿ ಉಳಿದಿತ್ತು. ಬೂದು ಬಣ್ಣ, ಮೇಲೆ ಎಲೆ, ಕಾಗದ, ಯಾರದೋ ಒಂದು ಗವಸು. ನನಗೆ ಅದೇ ಹಿಮಾಲಯ. ಕೋಟು ಹಾಕಿ, ಗುಡ್ಡದ ಮೇಲೆ ಕೈಯಿಟ್ಟು, ಫೋಟೋ ತೆಗೆಸಿ ಕಾಪುವಿನ ಮನೆಯವರಿಗೂ ಖತೀಜಮ್ಮನಿಗೂ ಕಳುಹಿಸಿದ್ದೆ.

ಈಗ ಫೋನು ಎತ್ತಿ ಸಭೆಗೆ ತೋರಿಸಿದೆ. ಒಬ್ಬರು ನೋಡಿ ಬಾಯಿ ಮುಚ್ಚಿಕೊಂಡರು, ಪಕ್ಕದವರು ನೋಡಿ ಮುಚ್ಚಿಕೊಳ್ಳಲಿಲ್ಲ. ಇಡೀ ನೆಲಮಾಳಿಗೆ ನಕ್ಕಿತು. ಆಗ್ನೆಸ್ ಕೂಡ ಕೆಮ್ಮು ಬರುವವರೆಗೆ ನಕ್ಕರು. ನನ್ನ ಪಕ್ಕದ ಮುದುಕರು ಪಾಪ, ನನ್ನ ಕೈ ತಟ್ಟಿ, "ಅದು ಐಸಿನ ಕಸ, ತಾಯಿ" ಎಂದರು. ಭೂಮಿ ಬಾಯಿ ಬಿಡಲಿ ಎನ್ನಿಸಿತು.

ಡೆನಿಸ್ ಒಬ್ಬ ನಗಲಿಲ್ಲ. ಕುರ್ಚಿಗಳ ನಡುವಿನಿಂದ ಬಂದು ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ.

ಕ್ಯಾಂಟೀನು

ಮರುದಿನ ಮಧ್ಯಾಹ್ನ ಅವನು ದೊಡ್ಡಮ್ಮನನ್ನು ಕ್ಯಾಂಟೀನಿಗೆ ಕರೆತಂದ. ಆಗ್ನೆಸ್ ಅವರಿಗೆ ಗಟ್ಟಿ ಪದಾರ್ಥ ನುಂಗಲಾಗುತ್ತಿರಲಿಲ್ಲ. ಸದಾನಂದ ಮೆತ್ತಗೆ ಗಂಜಿ ಮಾಡಿ, ತುಪ್ಪ ಬಿಟ್ಟು ಕೊಟ್ಟ. ಸುಮತಿ ವಾಕರ್ ಹಿಡಿದು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

"ಇವನಿಗೆ ತಲೆ ಕೆಟ್ಟಿದೆ" ಎಂದರು ಆಗ್ನೆಸ್ ಗಂಜಿ ಊದುತ್ತ. "ಆ ಗುಡ್ಡೆಯ ಎದುರು ಕೂತು ಕಥೆ ಹೇಳಬೇಕಂತೆ."

"ನೆಲದ ಮೇಲೆ ಹಿಮ ಅಂತಲೇ ಅಲ್ವಾ ನಿಯಮ? ಅದು ನೆಲದ ಮೇಲೆಯೇ ಉಂಟು" ಎಂದ ಡೆನಿಸ್.

"ವಕೀಲನಾಗಬೇಕಿತ್ತು ನೀನು. ಟ್ಯಾಂಕರ್ ಸುಮ್ಮನೆ ಹಾಳು."

ಬಳಿಕ ಅವರು ನನ್ನ ಕಡೆ ತಿರುಗಿದರು. "ಫೋಟೋ ನಿಮ್ಮದು. ನೀವೇ ಹೇಳಿ. ನಿಮ್ಮ ಊರಲ್ಲಾದರೆ ಇದು ನಡೆಯುತ್ತದೋ?"

ನಾನು ಪತ್ತನಾಜೆಯ ವಿಷಯ ಹೇಳಿದೆ. ಗೆಜ್ಜೆ ಬಿಚ್ಚುವುದನ್ನು ಹೇಳಿದೆ. ಆದರೆ ಅದೇ ದಿನ ಗೆಜ್ಜೆ ಬಿಚ್ಚಬೇಕಾದ ಯಕ್ಷಗಾನದ ಕೆಲವರು ಈಗ ಮಳೆಗಾಲದಲ್ಲೂ ಸಭಾಭವನದೊಳಗೆ ಆಟ ಆಡುತ್ತಾರೆ, ತಲೆಯ ಮೇಲೆ ಮಾಡು ಉಂಟಲ್ಲ, ಮಳೆ ಒಳಗೆ ಬರುವುದಿಲ್ಲವಲ್ಲ ಎನ್ನುತ್ತಾರೆ ಎಂದೂ ಹೇಳಿದೆ. ನೇಮವನ್ನು ಮಾತ್ರ ಹಾಗೆ ಮಾಡುವುದಿಲ್ಲ. ಎಲ್ಲಿ ಬಗ್ಗಬಹುದು, ಎಲ್ಲಿ ಬಗ್ಗಬಾರದು ಎಂದು ಬೇಕಾದರೆ ಮೈಮೇಲೆ ಬಂದ ಭೂತವನ್ನೇ ಕೇಳುತ್ತೇವೆ. ಅದು ಹೇಳಿದ್ದೇ ತೀರ್ಪು.

"ನಮಗೆ ಹಾಗೆ ಕೇಳುವ ವ್ಯವಸ್ಥೆ ಇಲ್ಲ" ಎಂದರು ಆಗ್ನೆಸ್.

"ನಿಮ್ಮ ಜನರಲ್ಲಿ ಇದನ್ನು ಕೇಳಬೇಕಾದ್ದು ಯಾರನ್ನು?"

ಅವರು ಚಮಚ ಕೆಳಗಿಟ್ಟರು. ಕೇಳಬೇಕಾದ ಹಿರಿಯರೆಲ್ಲ ಹೋಗಿ ಕೊನೆಗೆ ಉಳಿದ ಹಿರಿಯಳು ತಾನೇ ಎಂಬುದು ಅವರ ಮುಖದಲ್ಲಿ ಕಂಡಿತು. ಕೇಳಬಾರದಿತ್ತು ಎನಿಸಿತು.

ಗಂಜಿ ಮುಗಿಸಿ, ಬಟ್ಟಲನ್ನು ದೂಡಿ ಆಗ್ನೆಸ್ ಕೇಳಿದರು. "ಆ ಅಂಗಣಕ್ಕೆ ನೀರು ಎಲ್ಲಿಂದ?"

"ಊರಿಗೆಲ್ಲ ಸರೋವರದ್ದೇ ನೀರು" ಎಂದ ಸದಾನಂದ ಒಳಗಿನಿಂದ.

"ಸರೋವರದ ನೀರು." ಅವರು ಶಾಲಿನ ತುದಿಯನ್ನು ತಿರುವಿದರು. "ಹಿಮಕ್ಕೆ ಅದು ಸಾಕು ಅಂತ ಇಟ್ಟುಕೊಳ್ಳೋಣ. ಯಂತ್ರ ಮಾಡಿದರೂ ಅದು ಇದೇ ಚಳಿಗಾಲದ್ದು. ಆದರೆ ಕಪ್ಪೆಗಳು?"

ಡೆನಿಸ್ ಕಿಟಕಿಯ ಕಡೆ ನೋಡಿದ. ದಾರಿಯನ್ನು ಆಗ್ನೆಸ್ ಅವರೇ ಹೇಳಿದರು. "ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಆ ಚಳಿಗೆ ಅವು ಕೂಗುವುದಿಲ್ಲ, ಅರೆನಿದ್ದೆಯಲ್ಲಿರುತ್ತವೆ. ಬಿಸಿಲು ಬಿದ್ದು ಒಂದೇ ಒಂದು ಕಪ್ಪೆ ಬಾಯಿ ತೆರೆದರೂ ನಾನು ಬಾಯಿ ಮುಚ್ಚುತ್ತೇನೆ. ಕಥೆ ಎಲ್ಲಿರುತ್ತದೋ ಅಲ್ಲಿಗೇ. ಒಪ್ಪಿಗೆಯೋ?"

ಡೆನಿಸ್ ಒಪ್ಪಿದ. ಅವನಿಗೆ ಬೇರೆ ದಾರಿ ಎಲ್ಲಿತ್ತು?

ಸ್ಕೇಟಿಂಗ್ ಅಂಗಣದ ಹಿಂಬದಿ

ಸೂರ್ಯ ಮೂಡುವ ಮೊದಲು ಸದಾನಂದ ನನ್ನನ್ನೂ ಆಗ್ನೆಸ್ ಅವರನ್ನೂ ಕಾರಿನಲ್ಲಿ ಕರೆದುಕೊಂಡು ಹೋದ. ಡಿಕ್ಕಿಯಲ್ಲಿ ಕ್ಯಾಂಟೀನಿನ ಎರಡು ಪ್ಲಾಸ್ಟಿಕ್ ಕುರ್ಚಿ, ನನ್ನ ಕೈಯಲ್ಲಿ ಕಷಾಯದ ಫ್ಲಾಸ್ಕ್. ಡೆನಿಸ್ ಟ್ಯಾಂಕರನ್ನೇ ತಂದು ನಿಲ್ಲಿಸಿದ್ದ. ಹುಲ್ಲು ಕಾಲ ಕೆಳಗೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಜೌಗಿನ ಕಡೆ ಸದ್ದಿಲ್ಲ.

ಆಗ್ನೆಸ್ ಗುಡ್ಡೆಯ ಹತ್ತಿರ ಹೋಗಿ ಕೊಳಕಾದ ಮೇಲ್ಪದರವನ್ನು ಕೈಯಿಂದ ಕೆರೆದರು. ಒಳಗೆ ಬಿಳಿ. ಒಂದು ಮುಷ್ಟಿ ತೆಗೆದು ಅಂಗೈಯಲ್ಲಿ ಹಿಡಿದು, ತಮ್ಮ ಭಾಷೆಯಲ್ಲಿ ಯಾರಿಗೋ ಏನೋ ಹೇಳಿದರು. ಅನುಮತಿ ಕೇಳಿದರೋ, ಕ್ಷಮೆ ಕೇಳಿದರೋ, ನಾನು ವಿಚಾರಿಸಲಿಲ್ಲ. ಬಳಿಕ ಕುಳಿತು ನಮ್ಮ ಕಡೆ ನೋಡಿದರು. ಕಥೆ ಕಲಿಸುವುದು ಅವರ ಮನೆಯೊಳಗಿನ ಕೆಲಸ. ನಾವು ಕಾರಿಗೆ ಮರಳಿ ಗಾಜು ಏರಿಸಿಕೊಂಡೆವು.

ಗಾಜಿನ ಆಚೆ ಆಗ್ನೆಸ್ ಅವರ ಕೈಗಳು ಏಳುವುದು, ಇಳಿಯುವುದು ಕಾಣುತ್ತಿತ್ತು. ಒಮ್ಮೆ ಬೆರಳುಗಳು ನಡೆದವು, ಒಮ್ಮೆ ಈಜಿದವು, ಒಮ್ಮೆ ಯಾರನ್ನೋ ಕಿವಿ ಹಿಡಿದು ಎಳೆದವು. ಅವರು ಸ್ವಲ್ಪ ಹೇಳಿ ನಿಲ್ಲಿಸುವರು, ಡೆನಿಸ್ ಅದನ್ನು ಹೇಳುವನು. ತಪ್ಪಿದರೆ ಅವನ ಮೊಣಕಾಲಿಗೆ ಒಂದು ಪೆಟ್ಟು, ಮತ್ತೆ ಮೊದಲಿನಿಂದ. ನನ್ನ ದೊಡ್ಡಮ್ಮ ಗದ್ದೆಯಲ್ಲಿ ನೇಜಿ ನೆಡುವಾಗ ನನಗೆ ನಾಟಿಯ ಪಾಡ್ದನ ಕಲಿಸಿದ್ದು ಹೀಗೆಯೇ. ಪೆಟ್ಟು ಮಾತ್ರ ಕೆಸರಿನ ಕೈಯಿಂದ ಬೀಳುತ್ತಿತ್ತು.

ನನ್ನ ಕೈ ಗಾಜು ಇಳಿಸುವ ಗುಂಡಿಯ ಕಡೆ ಹೋಯಿತು. ಒಂದು ಬೆರಳಿನಷ್ಟು ಇಳಿಸಿದರೆ ಯಾರಿಗೆ ತಿಳಿಯುತ್ತದೆ?

"ಅಕ್ಕ" ಎಂದ ಸದಾನಂದ, ಕಣ್ಣು ಮುಚ್ಚಿಕೊಂಡೇ.

"ಸೆಕೆ ಆಯ್ತು ಮಾರಾಯ."

"ಹೌದೌದು. ಗಾಜಲ್ಲಿ ಐಸ್ ಕಟ್ಟಿದೆ, ನಿಮಗೆ ಸೆಕೆ."

ಕೈ ಹಿಂದೆ ತೆಗೆದೆ.

ಬಿಸಿಲು ಕಟ್ಟಡದ ಮೂಲೆ ದಾಟಿ ಬಂತು. ಜೌಗಿನ ಕಡೆಯಿಂದ ಒಂದು ಸಣ್ಣ ಗಂಟೆಯ ಸದ್ದು. ಗಾಜು ಏರಿಸಿದ್ದರೂ ನನಗದು ಕೇಳಿತು. ಆಗ್ನೆಸ್ ಅವರ ಎತ್ತಿದ ಕೈ ಗಾಳಿಯಲ್ಲಿ ಹಾಗೆಯೇ ನಿಂತು, ಬಳಿಕ ಮಡಿಲಿಗೆ ಬಂತು. ಡೆನಿಸ್ ಏನೋ ಬೇಡಿಕೊಂಡ. ಅವರು ತಲೆಯಾಡಿಸಿ ಎದ್ದರು. ಅವನು ಕುರ್ಚಿ ಎತ್ತಿಡದೆ, ನಮ್ಮ ಕಡೆಯೂ ನೋಡದೆ ಟ್ಯಾಂಕರ್ ಹತ್ತಿ ಹೋದ.

ಹೀಗೆ ಮರುದಿನವೂ ಹೋದೆವು, ಅದರ ಮರುದಿನವೂ. ಒಂದು ಬೆಳಿಗ್ಗೆ ಮೋಡ ಕವಿದು ಇಬ್ಬನಿ ಹೆಪ್ಪುಗಟ್ಟಲೇ ಇಲ್ಲ. ನಾವು ತಲಪುವಾಗಲೇ ಜೌಗು ಗದ್ದಲವೆಬ್ಬಿಸಿತ್ತು. ಆಗ್ನೆಸ್ ಕಾರಿನಿಂದ ಇಳಿಯಲಿಲ್ಲ. ಡೆನಿಸ್ ಟ್ಯಾಂಕರಿಗೆ ಒರಗಿ ಎರಡು ಕೈಯಿಂದ ಮುಖ ಮುಚ್ಚಿ ನಿಂತಿದ್ದ. ಅವನ ಆ ದೊಡ್ಡ ಬೆನ್ನು ನೋಡಲಿಕ್ಕಾಗದೆ ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕುಳಿತೆ. ದಿನದಿನಕ್ಕೂ ಗುಡ್ಡೆ ಕರಗುತ್ತಿತ್ತು, ಆಗ್ನೆಸ್ ಅವರ ಸ್ವರವೂ ಕರಗುತ್ತಿತ್ತು. ಸಂಜೆ ಗಂಜಿಗೆ ಬಂದಾಗ ಕೈಸನ್ನೆಯಲ್ಲೇ ಉಪ್ಪು ಕೇಳುತ್ತಿದ್ದರು. ಬೆಳಗಿಗೆಂದು ಸ್ವರವನ್ನು ಕಟ್ಟಿಟ್ಟುಕೊಳ್ಳುತ್ತಿದ್ದರು.

ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಆಕಾಶ ಸ್ವಚ್ಛವಾಗಿತ್ತು. ಒಳ್ಳೆಯ ಚಳಿ. ಗುಡ್ಡೆ ಒಂದು ಅಕ್ಕಿಮುಡಿಯ ಮೂಟೆಯಷ್ಟಾಗಿ ಉಳಿದಿತ್ತು. ಆಗ್ನೆಸ್ ಕುರ್ಚಿಯನ್ನು ಅದರ ತೀರ ಹತ್ತಿರ ಎಳೆದುಕೊಂಡರು. ಅಂದು ಅವರ ಕೈಗಳು ಹೆಚ್ಚು ಆಡಲಿಲ್ಲ. ಬಾಗಿ, ಡೆನಿಸನ ಕಿವಿಯ ಹತ್ತಿರ ಬಾಯಿಟ್ಟು ಹೇಳುತ್ತಿದ್ದರು. ಡೆನಿಸ್ ಹೇಳಿದ. ಪೆಟ್ಟು. ಮತ್ತೆ ಹೇಳಿದ. ಬಿಸಿಲು ಮೂಲೆಗೆ ಬಂತು. ಸದಾನಂದ ಕಣ್ಣು ತೆರೆದು ನೆಟ್ಟಗೆ ಕೂತ. ನಾನು ಕಾಪುವಿನ ಮಾರಿಯಮ್ಮನನ್ನು ನೆನೆದೆ. ಕಪ್ಪೆಗಳ ಬಾಯಿ ಅವಳ ಅಧಿಕಾರದಲ್ಲಿ ಬರುತ್ತದೋ ಇಲ್ಲವೋ, ನೆನೆದೆ.

ಆಗ್ನೆಸ್ ಹಿಂದಕ್ಕೆ ಒರಗಿದರು. ಈಗ ಡೆನಿಸ್ ಒಬ್ಬನೇ ಹೇಳುತ್ತಿದ್ದ, ನಿಲ್ಲಿಸದೆ. ಅವರ ಕೈ ಅವನ ಮೊಣಕಾಲಿನ ಮೇಲೆ ಸುಮ್ಮನೆ ಇತ್ತು. ಅದು ಏಳಲೇ ಇಲ್ಲ.

ಅವನು ಬಾಯಿ ಮುಚ್ಚಿದ ಮೇಲೆ ಎಷ್ಟೋ ಹೊತ್ತಿಗೆ ಮೊದಲ ಕಪ್ಪೆ ಕೂಗಿತು. ಆಗ್ನೆಸ್ ಜೌಗಿನ ಕಡೆ ತಿರುಗಿ, ಇನ್ನು ನಿಮ್ಮ ಸರದಿ ಎನ್ನುವ ಹಾಗೆ ಕೈ ಬೀಸಿದರು.

ಮತ್ತೆ ಕಾಪು

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಆಗ್ನೆಸ್ ಉಳಿದರು, ಸ್ವರದಲ್ಲಿ ಪಿಸುಮಾತು ಮಾತ್ರ ಉಳಿಯಿತು. ನಾನು ಹೊರಡುವ ದಿನ ನನ್ನ ಕೈ ಹಿಡಿದು, ಹತ್ತಿರ ಎಳೆದು, "ಐಸಿನ ಕಸ" ಎಂದು ಪಿಸುಗುಟ್ಟಿ ನಕ್ಕರು.

ಡಿಸೆಂಬರಿನಲ್ಲಿ ಒಂದು ದಿನ ರಾತ್ರಿ ಊಟವಾಗಿ ನಾನು ಕಾಪುವಿನ ಜಗಲಿಯಲ್ಲಿ ಕೂತಿದ್ದೆ. ಸುಮತಿಯ ಫೋನು. ಅಲ್ಲಿ ಬೆಳಗಿನ ಹೊತ್ತು. ಈಗ ಅವಳು ವಾಕರ್ ಇಲ್ಲದೆ ನಡೆಯುತ್ತಾಳೆ.

"ಅಕ್ಕ, ಗ್ರಂಥಾಲಯದಲ್ಲಿದ್ದೇನೆ. ಹೊರಗೆ ಮೊಣಕಾಲವರೆಗೆ ಹಿಮ. ಅಸಲಿ ಹಿಮ! ಡೆನಿಸ್ ಇವತ್ತು ಮಕ್ಕಳಿಗೆ ಆ ಕಥೆ ಹೇಳ್ತಾನೆ. ಆಗ್ನೆಸ್ ಕರೆದರು ಅಂತ ಅಕ್ಕಪಕ್ಕದವರೂ ಬಂದಿದ್ದೇವೆ. ಆಗ್ನೆಸ್ ಎದುರಿನ ಸಾಲಲ್ಲೇ ಕೂತಿದ್ದಾರೆ, ಕೈಯಲ್ಲಿ ಒಂದು ಕೋಲು ಬೇರೆ."

"ಕೋಲು ಯಾಕೆ?"

"ತಪ್ಪಿದರೆ ನೆಲಕ್ಕೆ ಕುಟ್ಲಿಕ್ಕೆ. ಸ್ವರ ಇಲ್ಲವಲ್ಲ." ಅವಳು ನಕ್ಕಳು. ಹಿಂದಿನಿಂದ ಮಕ್ಕಳ ಗಲಾಟೆ, ಕುರ್ಚಿ ಎಳೆಯುವ ಸದ್ದು. ಬಳಿಕ ಎಲ್ಲ ನಿಂತಿತು. ಡೆನಿಸ್ ಕೆಮ್ಮಿ ಗಂಟಲು ಸರಿಮಾಡಿಕೊಂಡದ್ದು ನನಗೆ ಇಲ್ಲಿ ಕೇಳಿತು.

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಅಕ್ಕ" ಎಂದಳು ಸುಮತಿ, ಸ್ವರ ತಗ್ಗಿಸಿ. "ಅಲ್ಲಿ ಹೇಗುಂಟು? ಮಣ್ಣಿನೊಳಗಿನವರೆಲ್ಲ ಮಲಗಿದ್ದಾರಾ?"

ಮೇಲೆ ಫ್ಯಾನು ತಿರುಗುತ್ತಿತ್ತು. ಅಂಗಳದ ಮರಳು ಹಗಲಿನ ಬಿಸಿಯನ್ನು ಇನ್ನೂ ಬಿಟ್ಟಿರಲಿಲ್ಲ. ಬಾವಿಕಟ್ಟೆಯ ಹತ್ತಿರ ಯಾವುದೋ ಒಂದು ಜೀವ ಎಚ್ಚರವಾಗಿದ್ದು ಕಿರಿಕಿರಿ ಸದ್ದು ಮಾಡುತ್ತಿತ್ತು.

"ಸೆಕೆ" ಎಂದೆ.

"ಹಾಗಾದ್ರೆ ಫೋನು ಇಡ್ಲಾ?"

"ಇಡು" ಎಂದೆ.